ಗೃಹಸ್ಥನ ಕೈಪಿಡಿ: ಮೋಟಾರು ಗುಳುಗುಳಿಸಿದಾಗ

ಒಲೆಯ ಮೇಲೆ ಎಸರು ಮರಳುವ ಸದ್ದನ್ನು ಗೃಹಿಣಿಯು ಪಡಸಾಲೆಯಲ್ಲಿ ಕುಳಿತೇ ಗುರುತಿಸಬಲ್ಲಳು. ಅಂತಹುದೇ ಸದ್ದು ಮೋಟಾರು ಬಂಡಿಯಿಂದ ಹೊರಟರೆ ನಾವು ಗಂಡಸರು ಕಿವಿಗೊಡುವುದಿಲ್ಲ. ಹಿಂದೊಮ್ಮೆ ಸಂಸಾರಸಮೇತನಾಗಿ ಚಾರ್ಮಾಡಿ ಘಟ್ಟವನ್ನೇರುತ್ತಿದ್ದೆನು. ಮುಂದಣ ಹಲಗೆಯ ಹಿಂದೆ ನೀರು ಗುಳುಗುಳಿಸತೊಡಗಿತು. "ಏನೋ ಸದ್ದಾಗುತ್ತಿದೆಯಲ್ಲ, ನಿಲ್ಲಿಸಬಾರದೇ?" ಎಂದು ಮನೆಯಾಕೆ ಎಚ್ಚರಿಸಿದಳು. ಉಷ್ಣಮಾಪಕದ ಮುಳ್ಳು ನೆಟ್ಟಗಿದೆಯೆಂದು ನಾನು ಮುಂದುವರಿದೆನು. ನಾಲ್ಕು ತಿರುವು ಕಳೆಯುವುದರೊಳಗೆ ಮುಂಭಾಗದಿಂದ ಆವಿಯೆದ್ದಿತು. ಟವೆಲನ್ನು ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಕ್ಕುವಷ್ಟರಲ್ಲಿ, ಹಿಂದೆ ಬಂದ ಲಾರಿಯ ಚಾಲಕನು ಓಡಿಬಂದು, "ಮುಟ್ಟಬೇಡಿ ಸ್ವಾಮಿ, ಮುಖ ಬೆಂದೀತು!" ಎಂದು ತಡೆದನು.

ಅವನ ಮಾತು ಅಕ್ಷರಶಃ ಸತ್ಯ. ಮುಚ್ಚಳವು ಒತ್ತಡವನ್ನು ಹಿಡಿದಿಟ್ಟಿರುವುದರಿಂದ, ಒಳಗಿನ ದ್ರವವು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲುದು. ಮುಚ್ಚಳ ಸಡಿಲಿಸಿದೊಡನೆ ಅದು ಭೋರೆಂದು ಕುದಿದು ಮೇಲಕ್ಕೆ ಚಿಮ್ಮುವುದು. ಇಂಜಿನನ್ನು ನಿಲ್ಲಿಸಿ, ರಬ್ಬರು ಕೊಳವೆಯು ಕೈಗೆ ತಣ್ಣಗೆ ತಾಗುವವರೆಗೆ ಕಾಯುವುದೇ ಕ್ರಮ.

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ. ದ್ರವವು ತಗ್ಗಿ ಗಾಳಿ ಸೇರಿದಾಗಲೇ ಗುಳುಗುಳು ಶಬ್ದವು ಹುಟ್ಟುವುದು. ಮಾಪಕದ ತುದಿಯು ದ್ರವದಿಂದ ಹೊರಗುಳಿದರೆ ಮುಳ್ಳು ಸುಳ್ಳಾಡುವುದೂ ಉಂಟು. ಆದಕಾರಣ ಬರಿದೆ ನೀರು ಹೊಯ್ದು ಸುಮ್ಮನಾಗಬಾರದು. ಸೋರುವ ತಾವನ್ನು ಹುಡುಕಿಸಬೇಕು. ಹೊರಗೆಲ್ಲಿಯೂ ಸೋರದೆ, ದ್ರವವು ಮತ್ತೆ ಮತ್ತೆ ತಗ್ಗುತ್ತ, ಇಂಜಿನು ಕಾದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತಿದ್ದರೆ, ಸಿಲಿಂಡರಿನ ಮೇಲಣ ಗ್ಯಾಸ್ಕೆಟ್ಟು ಕೆಟ್ಟಿರುವ ಸಂಭವವುಂಟು. ಆಗ ಬಂಡಿಯನ್ನು ಓಡಿಸದಿರುವುದೇ ಮೇಲು.

ಉಳಿದ ಸದ್ದುಗಳನ್ನೂ ತಿಳಿದಿರಬೇಕು. ಬುಸ್ಸೆಂದರೆ ಕೊಳವೆಯೋ ಮುಚ್ಚಳವೋ ಆವಿಯನ್ನು ಬಿಡುತ್ತಿರಬಹುದು. ಹೊರಡುವಾಗ ಕಿರ್ರೆಂದರೆ ಬೆಲ್ಟು ಸಡಿಲವಾಗಿರಬಹುದು ಇಲ್ಲವೆ ಸವೆದಿರಬಹುದು. ಇಂಜಿನಿನ ವೇಗದೊಡನೆ ಏರುವ ಗೊರಗೊರ ಸದ್ದಿಗೆ ನೀರಿನ ಪಂಪಿನ ಬೇರಿಂಗು ಕಾರಣವಿರಬಹುದು. ಬಂಡಿ ನಿಂತ ಬಳಿಕವೂ ಫ್ಯಾನು ತುಸುಹೊತ್ತು ತಿರುಗುವುದು ಮಾತ್ರ ಅನೇಕ ಬಂಡಿಗಳಲ್ಲಿ ಸಹಜವೇ, ಅದಕ್ಕೆ ಅಂಜಬೇಕಾಗಿಲ್ಲ. ಆದರೆ ಅದು ತಾನಾಗಿ ಹೊರಳತೊಡಗಬಹುದಾದ್ದರಿಂದ ಬೆರಳನ್ನು ದೂರವಿಡಬೇಕು.

ಇನ್ನೊಂದು ಮಾತು. ನೀರಿಗೆ ಬೆರೆಸುವ ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಲಕ್ಕೆ ಚೆಲ್ಲಿದುದನ್ನು ಒಡನೆಯೇ ತೊಳೆದು, ಡಬ್ಬಿಯನ್ನು ಮಕ್ಕಳಿಗೂ ನಾಯಿಗೂ ಎಟುಕದಂತೆ ಇಡತಕ್ಕದ್ದು.

ಅಂದಿನಿಂದ ಮನೆಯಾಕೆ "ಏನೋ ಸದ್ದು" ಎಂದಳೆಂದರೆ, ನಾನು ಮುಳ್ಳನ್ನು ನೋಡುವ ಮೊದಲೇ ಬಂಡಿಯನ್ನು ನಿಲ್ಲಿಸುತ್ತೇನೆ.