ಹೆಸರಿನ ಹಿಂದಿನ ಹೆಸರು

ಕಳೆದ ತಿಂಗಳಲ್ಲೊಂದು ಮಧ್ಯಾಹ್ನ, ಶಹಾಪುರದಲ್ಲಿ ತೊಗರಿಬೇಳೆಯ ವ್ಯಾಪಾರ ನಡೆಸುವ ನಮ್ಮ ಪೂರ್ವಶಿಷ್ಯನೊಬ್ಬನು ಉರಿಬಿಸಿಲನ್ನೂ ಲೆಕ್ಕಿಸದೆ ಸುರಪುರದ ನಮ್ಮ ಮನೆಗೆ ಬಂದನು. ಕೊಟ್ಟ ನೀರನ್ನು ಕುಡಿಯುವಷ್ಟೂ ತಾಳ್ಮೆಯಿರಲಿಲ್ಲ. "ಗುರುಗಳ, ನಮ್ಮಂಗಡಿ ಹೆಸರು ಒತ್ತಿದ್ರ ಜೂಜಾಟದ ಪುಟ ತೆರಿಲತ್ತದ್ರಿ. ಬೀಗರು ನೋಡಿ ಫೋನ್ ಮಾಡ್ಯಾರ" ಎಂದನು. ಮಗಳ ಲಗ್ನ ನಿಶ್ಚಯವಾಗಿ ಇನ್ನೂ ಹದಿನೈದು ದಿನಗಳಾಗಿರಲಿಲ್ಲ.

ಅಂಗಡಿಯ ಅಂತರ್ಜಾಲದ ಹೆಸರು ಅವನದೇ. ವರ್ಷವರ್ಷವೂ ಶುಲ್ಕ ತೆತ್ತು ಉಳಿಸಿಕೊಂಡದ್ದು. ಅದನ್ನು ಯಾರೂ ಕದ್ದಿರಲಿಲ್ಲ. ಹಾಗಿದ್ದೂ ಬಾಗಿಲು ತೆರೆದರೆ ಒಳಗೆ ಬೇರೊಬ್ಬರ ಸಂಸಾರ! ನಮ್ಮ ಕಿರಿಯ ಮಗನು ಈ ವಿದ್ಯೆಯನ್ನು ಕಲಿತವನು, ಅಂದು ರಜೆಯ ಮೇಲೆ ಮನೆಯಲ್ಲಿದ್ದನು. ಅವನಿಂದ ನಾವು ತಿಳಿದುಕೊಂಡುದನ್ನು ಗೃಹಸ್ಥರಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತೇವೆ.

ಗಣಕಯಂತ್ರಗಳು ಒಂದನ್ನೊಂದು ಸಂಖ್ಯೆಯಿಂದ ಗುರುತಿಸುತ್ತವೆ. ಮನುಷ್ಯರಿಗೆ ಬೇಕಾದುದು ಹೆಸರು. ಮೊದಮೊದಲು ಹೆಸರು ಸಂಖ್ಯೆಗಳೆಲ್ಲವೂ ಅಮೆರಿಕೆಯ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿದ್ದ ಒಂದೇ ಕಡತದಲ್ಲಿ ದಾಖಲಾಗುತ್ತಿದ್ದುವು. ಯಂತ್ರಗಳು ಹೆಚ್ಚಿ ಅದು ಸಾಲದಾಗಲು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ಪಂಡಿತರು ಪ್ರತಿಯೊಂದು ಹೆಸರಿನ ಒಡೆಯನೇ ತನ್ನ ಲೆಕ್ಕವನ್ನು ಇರಿಸಿಕೊಳ್ಳುವ ಏರ್ಪಾಡನ್ನು ರೂಪಿಸಿದರು. ಇಂದಿಗೂ ಆಧಾರವಾಗಿರುವ ಅದರ ನಿಬಂಧನೆಗಳು 1987ರ ನವೆಂಬರಿನಲ್ಲಿ ಪ್ರಕಟವಾದುವು. ಈ ಲೆಕ್ಕದಲ್ಲಿ ಬರೆಯಬಹುದಾದ ಒಂದು ಬಗೆಯ ಸಾಲಿಗೆ ಸಿನೇಮ್ ಎಂದು ಹೆಸರು. "ನನ್ನ ಸಂಖ್ಯೆಯನ್ನು ನನ್ನಲ್ಲಿ ಕೇಳಬೇಡಿರಿ, ನನ್ನ ಮೂಲನಾಮ ಇಂಥದು, ಅಲ್ಲಿ ಕೇಳಿರಿ" ಎಂಬುದೇ ಆ ಸಾಲಿನ ತಾತ್ಪರ್ಯ.

ಇದರಲ್ಲಿ ನಮ್ಮವರಿಗೆ ಹೊಸತೇನೂ ಇಲ್ಲ. ತೊಟ್ಟಿಲಲ್ಲಿಟ್ಟ ಹೆಸರೊಂದು, ಕರೆಯುವ ಹೆಸರು ಇನ್ನೊಂದು. ನಾವು ಸುರಪುರವೆನ್ನುವ ಊರನ್ನು ಮೆಡೋಸ್ ಟೇಲರನು 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಶೋರಾಪೂರವೆಂದು ಬರೆದನು. ಗುಲಬರ್ಗಾ ನಗರವು 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಆದರೆ 2019ರಲ್ಲಿ ಆ ಸೀಮೆಯ ತೊಗರಿಬೇಳೆಗೆ ಭೌಗೋಳಿಕ ಗುರುತು ದೊರೆತದ್ದು ಗುಲಬರ್ಗಾ ಎಂಬ ಹಳೆಯ ಹೆಸರಿನಲ್ಲಿಯೇ. ಯಾವ ಹೆಸರು ಹೇಳಿ ಚೀಟಿ ಕೊಂಡರೂ ಬಸ್ಸು ನಿಲ್ಲುವ ಊರು ಒಂದೇ. ಅಂತೆಯೇ ನಾಲ್ಕು ಪರ್ಯಾಯನಾಮಗಳು ಒಂದೇ ಮೂಲನಾಮದತ್ತ ಕೈತೋರಿದರೆ, ಸಂಖ್ಯೆ ಬದಲಾದಾಗ ಮೂಲದಲ್ಲಿ ಒಂದೇ ಸಾಲನ್ನು ತಿದ್ದಿದರಾಯಿತು.

ಕಟ್ಟುಪಾಡುಗಳೂ ಉಂಟು. ಸಿನೇಮ್ ಹೊತ್ತ ಹೆಸರು, ರಕ್ಷಣೆಯ ಮುದ್ರೆಗಳ ಹೊರತು, ಬೇರಾವ ಸಾಲನ್ನೂ ಹೊರುವಂತಿಲ್ಲ. ಮುಂದೆ ಯಾವ ಉಪನಾಮವೂ ಇಲ್ಲದ ಬೋಳು ಹೆಸರು ತನ್ನ ಲೆಕ್ಕದ ಯಂತ್ರಗಳಾವುವೆಂಬ ಸಾಲುಗಳನ್ನು ಇಟ್ಟುಕೊಳ್ಳಲೇಬೇಕಾದುದರಿಂದ ಅದಕ್ಕೆ ಸಿನೇಮ್ ಸಲ್ಲದು. ಒಂದು ಹೆಸರು ಇನ್ನೊಂದನ್ನು ತೋರಿಸಿ, ಆ ಇನ್ನೊಂದು ತಿರುಗಿ ಮೊದಲನೆಯದನ್ನೇ ತೋರಿಸಿದರೆ ಉತ್ತರವೇ ದೊರೆಯದು. ಇದನ್ನು ಕೇಳಿ ನಮಗೆ ನಗು ಬಂದಿತು. ತರ್ಕಶಾಸ್ತ್ರದ ಅನ್ಯೋನ್ಯಾಶ್ರಯ ದೋಷವಲ್ಲದೆ ಇದು ಮತ್ತೇನು?

ಇನ್ನು ಶಿಷ್ಯನ ಸಂಗತಿ. ಅವನು ಹಿಂದೆ ಒಂದು ಸಂಸ್ಥೆಯಲ್ಲಿ ಬಾಡಿಗೆಗೆ ಜಾಲತಾಣದ ಜಾಗ ಹಿಡಿದು, ತನ್ನ ಹೆಸರಿನ ಮುಂದೆ 'ಮಳಿಗೆ' ಎಂಬ ಉಪನಾಮ ಸೇರಿಸಿ, ಅದಕ್ಕೆ ಆ ಜಾಗದ ಹೆಸರನ್ನು ತೋರುವ ಸಿನೇಮ್ ಬರೆಸಿದ್ದನು. ವರ್ಷ ತುಂಬಿದ ಮೇಲೆ ಬಾಡಿಗೆ ಬಿಟ್ಟನು. ಸಾಲನ್ನು ಅಳಿಸಲು ಮರೆತನು. ತೆರವಾದ ಜಾಗದ ಹೆಸರನ್ನು ಯಾರೋ ಧೂರ್ತರು ಹುಡುಕಿ ಹಿಡಿದು ಅಲ್ಲಿ ತಮ್ಮ ಅಂಗಡಿಯನ್ನು ಹೂಡಿದರು. ಸಿನೇಮ್ ಸಂಖ್ಯೆಯ ದಾರಿಯನ್ನು ಮಾತ್ರ ತೋರಿಸುತ್ತದೆ. ಪರದೆಯ ಮೇಲೆ ಕಾಣುವ ವಿಳಾಸವನ್ನು ಬದಲಿಸುವುದಿಲ್ಲ. ಆದುದರಿಂದ ಮೇಲೆ ಇವನ ಹೆಸರು, ಕೆಳಗೆ ಅವರ ಜೂಜು. ಸುರಕ್ಷಿತವೆಂದು ಜನರು ನಂಬುವ ಬೀಗದ ಚಿಹ್ನೆಯೂ ಅಲ್ಲಿತ್ತು! ಆ ಹೆಸರಿನಿಂದ ಬಂದವರು ತಲುಪುವ ಯಂತ್ರ ಯಾರ ಕೈಯಲ್ಲಿದೆಯೋ ಅವರಿಗೆ ಅದರ ಪ್ರಮಾಣಪತ್ರವೂ ಸುಲಭವಾಗಿ ದೊರೆಯುತ್ತದಂತೆ. ಯಾದಗಿರಿಯ ಹಳೆಯ ಗಿರಾಕಿಯೊಬ್ಬರು ಬೇಳೆಯ ಅಂಗಡಿಯೆಂದೇ ಭಾವಿಸಿ ತಮ್ಮ ಫೋನ್ ಸಂಖ್ಯೆಯನ್ನು ಅಲ್ಲಿ ಬರೆದುಬಿಟ್ಟಿದ್ದರು.

ಶಿಷ್ಯನು ಸಂಸ್ಥೆಯನ್ನು ಬೈಯತೊಡಗಿದನು. ತೆರವಾದ ಹೆಸರನ್ನು ಮತ್ತೊಬ್ಬರಿಗೆ ಕೊಡುವ ಮುನ್ನ ಅವರೂ ವಿಚಾರಿಸಬೇಕಾಗಿತ್ತೆಂಬುದು ನಮ್ಮ ಮತ. ಆದರೆ ಸಾಲು ಬರೆದಿದ್ದುದು ಇವನ ಲೆಕ್ಕದಲ್ಲಿ. ಅದನ್ನು ಅಳಿಸುವ ಅಧಿಕಾರವೂ ಇವನದೇ. ಮೊದಲು ಸಾಲನ್ನು ಅಳಿಸತಕ್ಕದ್ದು, ಬಾಡಿಗೆ ಬಿಡುವುದು ಆಮೇಲೆ. ಈ ಕ್ರಮ ತಪ್ಪಿದುದೇ ಅನರ್ಥಕ್ಕೆ ಕಾರಣ. ಶಾಲೆಯ ಹೆಸರಿನಲ್ಲಾಗಲಿ ಸಂಘದ ಹೆಸರಿನಲ್ಲಾಗಲಿ ತಾಣ ತೆರೆದವರು ಶುಲ್ಕ ಕಟ್ಟುವ ದಿನವೇ ಲೆಕ್ಕದ ಸಾಲುಗಳನ್ನೆಲ್ಲ ಒಮ್ಮೆ ಓದಿ, ಯಾವುದು ಎಲ್ಲಿಗೆ ಕೈತೋರುತ್ತಿದೆಯೆಂದು ನೋಡಿಕೊಳ್ಳಲಿ.

ಮಗನು ಆ ಸಾಲನ್ನು ಅಳಿಸಿದನು. ಆದರೂ ಜೂಜಿನ ಪುಟ ಹೋಗಲಿಲ್ಲ. ಒಮ್ಮೆ ಕೇಳಿದ ಉತ್ತರವನ್ನು ಇಷ್ಟು ಹೊತ್ತು ನೆನಪಿಡಬಹುದೆಂದು ಪ್ರತಿಯೊಂದು ಸಾಲಿಗೂ ಅವಧಿ ಬರೆದಿರುತ್ತದೆ. ಈ ಸಾಲಿಗೆ 3600 ಸೆಕೆಂಡು, ಎಂದರೆ ಒಂದು ಗಂಟೆ, ಇತ್ತು. ಅಷ್ಟರಲ್ಲಿ ನಮ್ಮ ಮನೆಯವರು ಮಂಡಕ್ಕಿ ಒಗ್ಗರಣೆ ಮಾಡಿ ತಂದರು; ಶಿಷ್ಯನು ಮುಟ್ಟಲಿಲ್ಲ. ಗಂಟೆ ಕಳೆದ ಮೇಲೆ ಪುನಃ ಒತ್ತಿ ನೋಡಲು, ಅಂಥ ತಾಣವೇ ಇಲ್ಲವೆಂಬ ಉತ್ತರ ಬಂದಿತು. ಅವನು ಯಾದಗಿರಿಯ ಗಿರಾಕಿಗೆ ಮೊದಲು ಫೋನ್ ಮಾಡಿ ಎಚ್ಚರಿಕೆ ಹೇಳಿ, ಬಳಿಕ ಬೀಗರೊಡನೆ ಮಾತಾಡಲು ಅಂಗಳಕ್ಕೆ ಹೋದನು.