ಮಲ್ಲನಿಗೆ ಯಾವುದು ನಾಡು?

ವಿರಾಟನ ಆಸ್ಥಾನದಲ್ಲಿ ಜೀಮೂತನೆಂಬ ಜಟ್ಟಿಯನ್ನು ಕೆಡಹಿದವನು ಭೀಮಸೇನನೆಂದು ನಾವು ಬಲ್ಲೆವು. ಅಂದು ನೆರೆದಿದ್ದ ಜನಕ್ಕೆ ಮಾತ್ರ ಅವನು ಅರಮನೆಯ ಅಡುಗೆಯಾಳು ವಲಲ. ತೋಳು ಕುರುಕುಲದ್ದು, ಜಯ ಮತ್ಸ್ಯದೇಶದ್ದು. ತನ್ನ ನಾಡಿನಲ್ಲಿ ನಿಲ್ಲಲು ಎಡೆಯಿಲ್ಲದವನು ಪರರಾಜನ ಅಂಗಳದಲ್ಲಿ ತೊಡೆ ತಟ್ಟುವ ಈ ಸಂಗತಿ ಪುರಾಣದೊಡನೆ ಮುಗಿದುಹೋಗಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸನ್ನು ನೋಡಿರಿ. ಪುರುಷರ ಫ್ರೀಸ್ಟೈಲ್ ಕುಸ್ತಿಯ ಆರು ಚಿನ್ನದ ಪದಕಗಳಲ್ಲಿ ಮೂರು, ರಷ್ಯದ ದಾಗೆಸ್ತಾನದಲ್ಲಿ ಹುಟ್ಟಿದವರ ಪಾಲಾದವು. ಆದರೆ ಒಂದೂ ರಷ್ಯಕ್ಕೆ ಸಲ್ಲಲಿಲ್ಲ. 74 ಕಿಲೋ ವಿಭಾಗದಲ್ಲಿ ರಜಾಂಬೆಕ್ ಜಮಾಲೊವ್ ಉಜ್ಬೇಕಿಸ್ತಾನದವನಾಗಿ, 86 ಕಿಲೋದಲ್ಲಿ ಮಗೊಮೆದ್ ರಮಜಾನೊವ್ ಬಲ್ಗೇರಿಯದವನಾಗಿ, 97 ಕಿಲೋದಲ್ಲಿ ಅಹ್ಮದ್ ತಾಜುದಿನೊವ್ ಬಹ್ರೇನಿನವನಾಗಿ ಗೆದ್ದರು. ಆಲ್ಬೇನಿಯ ತನ್ನ ಒಲಿಂಪಿಕ್ ಚರಿತ್ರೆಯ ಮೊತ್ತಮೊದಲ ಪದಕಗಳನ್ನು ಕಂಡದ್ದೂ ಅಲ್ಲಿಯೇ. ಆ ಎರಡು ಕಂಚುಗಳನ್ನು ತಂದುಕೊಟ್ಟ ಚೆರ್ಮೆನ್ ವಲಿಯೆವ್, ಇಸ್ಲಾಂ ದುದಾಯೆವ್ ಇಬ್ಬರೂ ರಷ್ಯದಿಂದ ಬಂದವರು. ಇದನ್ನು ಕಂಡು ಕೆಲವರು ದೇಶದ್ರೋಹವೆನ್ನುತ್ತಾರೆ, ಕೆಲವರು ಹಣದ ಮಹಿಮೆ ಎನ್ನುತ್ತಾರೆ. ಎರಡೂ ಅವಸರದ ತೀರ್ಪುಗಳು.

ಮೊದಲ ಕಾರಣ ಸರಳವಾದ ಲೆಕ್ಕದ್ದು. ಒಲಿಂಪಿಕ್ಸ್‌ನಲ್ಲಿ ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬನಿಗೆ ಮಾತ್ರ ಪ್ರವೇಶ. ದಾಗೆಸ್ತಾನ ಸುಮಾರು 30 ಲಕ್ಷ ಜನರ ಬೆಟ್ಟನಾಡು. ಅಲ್ಲಿ ಹುಡುಗನಿಗೆ ಕುಸ್ತಿ ಎಂದರೆ ನಮ್ಮ ಹುಡುಗರಿಗೆ ಕ್ರಿಕೆಟ್ ಇದ್ದಂತೆ. ಖಸಾವ್ಯುರ್ತ್ ಎಂಬ ಒಂದು ಊರೇ ಮೂರು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಬುವೈಸಾರ್ ಸಾಯಿತಿಯೆವ್‌ನಂಥವರನ್ನು ಬೆಳೆಸಿತು. ಇಂಥಲ್ಲಿ ದೇಶದ ಎರಡನೆಯ ಮಲ್ಲ ಲೋಕದ ಎರಡನೆಯವನೂ ಆಗಿರಬಹುದು. ಆದರೂ ಅವನಿಗೆ ಮನೆಯೇ ಗತಿ. 97 ಕಿಲೋದಲ್ಲಿ ಅಬ್ದುಲ್ ರಶೀದ್ ಸದುಲಾಯೆವ್‌ನಂಥ ದಿಗ್ಗಜ ನಿಂತಿರುವಾಗ ಅದೇ ತೂಕದ, ಅದೇ ನಾಡಿನ ತಾಜುದಿನೊವ್ ಎಷ್ಟು ವರ್ಷ ಕಾಯಬೇಕಾಗಿತ್ತು? ಮಲ್ಲನ ಯೌವನವಾದರೋ ಕಾಯುವ ವಸ್ತುವಲ್ಲ.

ಕ್ಯೂಬಾದ ಕಥೆ ಇದಕ್ಕಿಂತ ಮನಕಲಕುವಂಥದು. ಅಲ್ಲಿ ಗ್ರೀಕೊ-ರೋಮನ್ ಕುಸ್ತಿಯ ಅತಿಭಾರದ ವಿಭಾಗದಲ್ಲಿ ಮಿಹಾಯಿನ್ ಲೋಪೆಸ್ ಬೆಟ್ಟದಂತೆ ನಿಂತಿದ್ದ. ಅವನ ನೆರಳಿನಲ್ಲೇ ಪಳಗಿದ ಯಾಸ್ಮನಿ ಅಕೋಸ್ತಾ 2015ರಲ್ಲಿ ಸ್ಪರ್ಧೆಗೆಂದು ಚಿಲಿಗೆ ಹೋದವನು ಮರಳಲಿಲ್ಲ. ಒಂಬತ್ತು ವರ್ಷಗಳ ಮೇಲೆ, ಪ್ಯಾರಿಸ್ಸಿನ ಅಂತಿಮ ಪಂದ್ಯದಲ್ಲಿ, ಚಿಲಿಯ ಅಕೋಸ್ತಾನ ಎದುರಿಗೆ ಬಂದವನು ಅದೇ ಲೋಪೆಸ್! ಲೋಪೆಸ್ ಗೆದ್ದು, ಸತತ ಐದನೆಯ ಚಿನ್ನ ಪಡೆದು, ಪಾದರಕ್ಷೆಗಳನ್ನು ಕಣದ ನಡುವೆ ಬಿಟ್ಟು ನಿವೃತ್ತನಾದ. ಸೋತವನಿಗೆ ದಕ್ಕಿದ್ದು ಬೆಳ್ಳಿ. ಕ್ಯೂಬಾದಲ್ಲೇ ಉಳಿದಿದ್ದರೆ ಆ ಸೋಲಿನ ಭಾಗ್ಯವಾದರೂ ಅವನಿಗೆ ಎಲ್ಲಿಯದು?

ಎರಡನೆಯ ಕಾರಣ ಆಶ್ರಯ. ಇದು ನಮಗೆ ಹೊಸದಲ್ಲ. ಅಮೃತಸರದ ಕಡೆಯ ಗಾಮಾ ಪೈಲ್ವಾನ್ ದತಿಯಾ, ಪಟಿಯಾಲ ಸಂಸ್ಥಾನಗಳ ಅನ್ನವುಂಡು ಬೆಳೆದವನು. ಕೊಲ್ಹಾಪುರದ ಶಾಹು ಮಹಾರಾಜರು ಪೈಲ್ವಾನರನ್ನು ಪೋಷಿಸಿದರು. ಮೈಸೂರಿನ ಅರಸರು ಜಟ್ಟಿಗಳನ್ನು ಸಾಕಿದರು. ಹಾಲು, ಬಾದಾಮಿ, ತುಪ್ಪಗಳ ಖರ್ಚನ್ನು ಹೊರುವ ಅರಮನೆಯ ಕಡೆಗೆ ಮಲ್ಲ ನಡೆದ. ಇಂದು ಅರಮನೆಯ ಸ್ಥಾನದಲ್ಲಿ ಸರಕಾರಗಳೂ ಕ್ರೀಡಾ ಸಂಘಗಳೂ ನಿಂತಿವೆ. ಕವಳದ ಜೊತೆಗೆ ಪಾಸ್‌ಪೋರ್ಟನ್ನೂ ಕೊಡುತ್ತವೆ.

ಮೂರನೆಯದು ರಾಜಕಾರಣ. 2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ದಂಡೆತ್ತಿದ ಮೇಲೆ ಅದರ ಮಲ್ಲರಿಗೆ ಅಂತರರಾಷ್ಟ್ರೀಯ ಕಣ ಮುಚ್ಚಿತು. 2023ರಲ್ಲಿ ಧ್ವಜವಿಲ್ಲದೆ ಬರಲು ಅನುಮತಿ ದೊರೆತರೂ, ಪ್ಯಾರಿಸ್ಸಿಗೆ ತನ್ನವರನ್ನು ಕಳುಹಿಸುವುದಿಲ್ಲವೆಂದು ರಷ್ಯದ ಕುಸ್ತಿ ಸಂಘವೇ ತೀರ್ಮಾನಿಸಿತು. ಮೊದಲೇ ಹೊರಟುಹೋಗಿದ್ದವರು ಕಣದಲ್ಲಿದ್ದರು. ನಿಷ್ಠೆಯಿಂದ ಉಳಿದವರು ಮನೆಯಲ್ಲಿದ್ದರು.

ಹಾಗಾದರೆ ಈ ವಲಸೆಯಲ್ಲಿ ದೋಷವೇ ಇಲ್ಲವೆ? ಇದೆ, ಅದು ಬಹುಮಟ್ಟಿಗೆ ಬರಮಾಡಿಕೊಳ್ಳುವವರದು. ಗರಡಿ ಕಟ್ಟದೆ, ಹುಡುಗರನ್ನು ಪಳಗಿಸದೆ, ಪಕ್ವವಾದ ಮಲ್ಲನನ್ನು ತಂದು ಪದಕವನ್ನು ಎಣಿಸಿಕೊಳ್ಳುವ ದೇಶ ಬೇರೊಬ್ಬರ ತೋಟದ ಹಣ್ಣನ್ನು ತನ್ನ ಮರಕ್ಕೆ ಕಟ್ಟಿದಂತೆ. ಅಲ್ಲಿಯೇ ಹುಟ್ಟಿ ವರ್ಷಗಟ್ಟಲೆ ಬೆವರಿಳಿಸಿದ ಹುಡುಗನ ಒಂದೇ ಸ್ಥಾನವೂ ಬಂದವನ ಪಾಲಾಗುತ್ತದೆ: ದಾಗೆಸ್ತಾನದಲ್ಲಿ ಒಬ್ಬನಿಗಾದ ಅನ್ಯಾಯ ಇನ್ನೊಂದು ನಾಡಿನಲ್ಲಿ ಮತ್ತೊಬ್ಬನಿಗೆ ವರ್ಗವಾಗುತ್ತದೆ. ಹಿಂದಿನ ದೇಶದ ಪರವಾಗಿ ಕೊನೆಯ ಬಾರಿ ಆಡಿದ ಮೇಲೆ ಮೂರು ವರ್ಷ ಕಳೆಯಬೇಕೆಂಬ ಒಲಿಂಪಿಕ್ ನಿಯಮವೇನೋ ಇದೆ. ಆದರೆ ಸಂಬಂಧಪಟ್ಟವರು ಒಪ್ಪಿದರೆ ಆ ಅವಧಿಯನ್ನು ಮೊಟಕುಗೊಳಿಸಬಹುದು.

ನಮ್ಮ ಮಲ್ಲರಿಗೆ ಈ ದಾರಿ ಸುಲಭವಲ್ಲ. ಅನ್ಯದೇಶದ ಪೌರತ್ವ ಪಡೆದವನು ಭಾರತೀಯನಾಗಿ ಉಳಿಯುವುದಿಲ್ಲ. ಆದರೆ ಒಂದೇ ಸ್ಥಾನದ ಸಂಕಟ ಇಲ್ಲಿಯೂ ಉಂಟು. 2016ರಲ್ಲಿ 74 ಕಿಲೋದ ಸ್ಥಾನಕ್ಕಾಗಿ ಸುಶೀಲ್ ಕುಮಾರ್ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅರ್ಜಿ ವಜಾ ಆಯಿತು. 53 ಕಿಲೋದ ಸ್ಥಾನವನ್ನು ಅಂತಿಮ್ ಪಂಘಾಲ್ ಗಳಿಸಿದ್ದರಿಂದ ವಿನೇಶ್ ಫೋಗಟ್ 50 ಕಿಲೋಗೆ ಇಳಿದರು; ಪ್ಯಾರಿಸ್ಸಿನಲ್ಲಿ ಫೈನಲ್ ತಲುಪಿ, ಮರುದಿನ ಬೆಳಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ದೇಶವನ್ನು ಬದಲಿಸಲಾಗದವರು ದೇಹವನ್ನು ಬದಲಿಸಹೊರಡುತ್ತಾರೆ. ಯಾವುದು ಹೆಚ್ಚು ಕ್ರೂರವೆಂದು ಹೇಳುವುದು ಕಷ್ಟ. 2023ರಲ್ಲಿ ನಮ್ಮ ಕುಸ್ತಿ ಸಂಘ ಅಮಾನತಿನಲ್ಲಿದ್ದಾಗ ಇದೇ ಅಂತಿಮ್ ವಿಶ್ವಚಾಂಪಿಯನ್‌ಷಿಪ್‌ನ ಕಂಚನ್ನು ಗೆದ್ದದ್ದು ತಟಸ್ಥ ಧ್ವಜದ ಕೆಳಗೆ. ನಾಡನ್ನು ಮಲ್ಲರೇ ಬಿಡಬೇಕೆಂದೇನೂ ಇಲ್ಲ. ನಾಡಿನ ಆಡಳಿತವೂ ಅವರನ್ನು ಅನಾಥರನ್ನಾಗಿಸಬಲ್ಲದು.

ಆದ್ದರಿಂದ ಹೋದವನನ್ನು ಜರೆಯುವ ಮುನ್ನ, ಉಳಿದವನಿಗೆ ನಾವು ಏನು ಕೊಟ್ಟೆವು ಎಂದು ಕೇಳಿಕೊಳ್ಳುವುದು ಲೇಸು. ಆಯ್ಕೆ ನ್ಯಾಯವಾಗಿ, ಬಹಿರಂಗವಾಗಿ ನಡೆಯಲಿ. ಎರಡನೆಯವನಿಗೂ ಅನ್ನ, ಗೌರವ, ಮುಂದಿನ ಅವಕಾಶದ ಭರವಸೆ ದೊರೆಯಲಿ. ಅಷ್ಟಾದ ಮೇಲೂ ಕೆಲವರು ಹೋಗಬಹುದು. ಹೋದವರು ಅಲ್ಲಿ ನಾಲ್ಕು ಹುಡುಗರಿಗೆ ಪಟ್ಟು ಹೇಳಿಕೊಟ್ಟರೆ ಆ ನಾಡಿನ ಋಣವಾದರೂ ತೀರೀತು.