ಚೀಟಿಗೆ ಹಾಡಿದ ಕೊರಳು

ಕಳೆದ ಬೇಸಗೆಯ ರಜೆಯಲ್ಲಿ ನನ್ನೂರಾದ ಅರಕೇರಾಕ್ಕೆ ಹೋಗಿದ್ದೆನು. ರಾಯಚೂರು ಸೀಮೆಯ ಬಿಸಿಲನ್ನು ಬಲ್ಲ ವಾಚಕರಿಗೆ ಅಲ್ಲಿಯ ಮದುವೆಗಳ ರೀತಿಯನ್ನು ವಿವರಿಸಬೇಕಾಗಿಲ್ಲ. ಅಕ್ಷತೆ ಹಗಲಿನಲ್ಲಿ ಬಿದ್ದರೂ ಸಂಭ್ರಮವೆಲ್ಲ ಇರುಳಿಗಾಗಿ ಕಾದಿರುತ್ತದೆ. ನೆಂಟರ ಮನೆಯ ಮದುವೆಯೊಂದರಲ್ಲಿ ಅಂದು ರಾತ್ರಿ ಗಾಯನದ ಏರ್ಪಾಟಾಗಿತ್ತು. ಬಂದಿದ್ದ ಗಾಯಕನು ತರುಣ, ತಿದ್ದಿದ ಕೊರಳು. ಮೊದಲಿಗೆ ಎರಡು ವಚನಗಳನ್ನು ಹಾಡಿದನು. ಮೂರನೆಯದಕ್ಕೆ ಶ್ರುತಿ ಹಿಡಿಯುವಷ್ಟರಲ್ಲಿ ಸಭೆಯಿಂದ ಚೀಟಿಗಳು ಬರತೊಡಗಿದವು. ಇಂಥ ಚಿತ್ರದ ಇಂಥ ಹಾಡು, ಮತ್ತೆ ಇಂಥದು. ಒಂದು ಹಾಡನ್ನಂತೂ ನಾಲ್ಕು ಸಲ ಹಾಡಿಸಿದರು. ನಡುರಾತ್ರಿಯ ಹೊತ್ತಿಗೆ ಮೇಲಿನ ಷಡ್ಜದಲ್ಲಿ ಅವನ ದನಿ ಒಡೆಯಿತು. ಸಭೆ ನಕ್ಕಿತು. ಅವನೂ ನಕ್ಕು, ನೀರು ಕುಡಿದು, ಮುಂದಿನ ಚೀಟಿಯನ್ನು ಬಿಡಿಸಿದನು.

ಆ ಚೀಟಿಗಳಲ್ಲಿ ಒಂದು ನನ್ನದಾಗಿತ್ತು.

ಮರುದಿನ ಮುಂಜಾನೆ ಅಂಗಳದಲ್ಲಿ ಕುಳಿತು ಚಹ ಕುಡಿಯುತ್ತಿರುವಾಗ ನನಗೆ ನೆನಪಾದವರು ನಮ್ಮ ಹೆಸರಾಂತ ಗಾಯಕಿ ಎಂ. ಡಿ. ಪಲ್ಲವಿಯವರು. ಸುಗಮ ಸಂಗೀತವನ್ನು ಕೇಳುವ ಮನೆಗಳಿಗೆ ಅವರ ಪರಿಚಯ ಹೇಳಬೇಕಾದುದಿಲ್ಲ. 2007ರಲ್ಲಿ ಬಂದ ‘ದುನಿಯಾ’ ಚಿತ್ರದ ಹಾಡಿನಿಂದ ಅವರ ಕಂಠವು ಸಂತೆಪೇಟೆಗಳನ್ನೂ ಮುಟ್ಟಿತು. ಇಂಥವರು 2013ರಲ್ಲಿ ‘ಸಿ ಶಾರ್ಪ್ ಸಿ ಬ್ಲಂಟ್’ ಎಂಬ ಏಕವ್ಯಕ್ತಿ ಪ್ರಯೋಗವೊಂದಕ್ಕೆ ರಂಗದ ಮೇಲೆ ನಿಂತರು. ಅದನ್ನು ರೂಪಿಸಿದವರು ಜರ್ಮನಿಯ ನಿರ್ದೇಶಕಿ ಸೋಫಿಯಾ ಸ್ಟೆಫ್. ಅದರಲ್ಲಿ ಪಲ್ಲವಿಯವರದು ಮನುಷ್ಯರ ಪಾತ್ರವಲ್ಲ. ‘ಶಿಲ್ಪಾ’ ಎಂಬುದು ಒಂದು ಆ್ಯಪ್. ಬಳಸುವವರ ಇಷ್ಟದಂತೆ ಹಾಡಬಲ್ಲ, ನಗಬಲ್ಲ, ಎಲ್ಲರಿಗೂ ಹೊಂದಿಕೊಳ್ಳಬಲ್ಲ ಗಾಯನಯಂತ್ರ. ಮನರಂಜನೆಯ ಲೋಕದಲ್ಲಿ ಹಾಡುವ ಹೆಣ್ಣಿನಿಂದ ಜನ ಏನೇನನ್ನು ಬಯಸುತ್ತಾರೆ ಎಂಬುದರ ಮೇಲಿನ ವಿಡಂಬನೆ ಅದು. ಗಾಯಕಿಯೇ ಯಂತ್ರವಾಗಿ ನಿಂತಾಗ, ಗುಂಡಿ ಒತ್ತುವವರು ಯಾರೆಂಬ ಪ್ರಶ್ನೆಯು ಪ್ರೇಕ್ಷಕರ ಕಡೆಗೆ ತಿರುಗುತ್ತದೆ.

ಇದನ್ನು ನಮ್ಮ ತಾಯಿಗೆ ಹೇಳಿದೆನು. ಅವರು ಅಕ್ಕಿ ಆರಿಸುತ್ತಲೇ ಕೇಳಿದರು: “ಅಷ್ಟು ಛಂದ ಹಾಡೋ ಹುಡುಗಿಗೆ ಈ ಸೋಗು ಯಾಕಪ್ಪಾ?”

ಪ್ರಶ್ನೆ ಹಗುರವಾದುದಲ್ಲ. ಕೊರಳಿನಿಂದ ಹೆಸರು ಮಾಡಿದವರು ಅದನ್ನು ಬದಿಗಿಟ್ಟು ತಮ್ಮ ಶರೀರವನ್ನೂ ಮೌನವನ್ನೂ ದಣಿವನ್ನೂ ಮುಂದಿಟ್ಟು ನಿಲ್ಲುವುದೇಕೆ? ಪಾಶ್ಚಾತ್ಯರು ಇಂಥ ಕಲೆಯನ್ನು ಪರ್ಫಾರ್ಮೆನ್ಸ್ ಆರ್ಟ್ ಎನ್ನುತ್ತಾರೆ. ಕ್ರಿಯಾಕಲೆ ಎಂದು ನಾನು ಅದನ್ನು ಕರೆದುಕೊಂಡಿದ್ದೇನೆ. ನಾಟಕದಲ್ಲಿ ನಟನು ರಾಮನೋ ರಾವಣನೋ ಆಗುತ್ತಾನೆ. ಕ್ರಿಯಾಕಲೆಯಲ್ಲಿ ಬಹುಮಟ್ಟಿಗೆ ಕಲಾವಿದನು ತಾನಾಗಿಯೇ ಇದ್ದು, ಮಾಡುವ ಕ್ರಿಯೆಯಿಂದಲೇ ಅರ್ಥವನ್ನು ಹೊರಡಿಸುತ್ತಾನೆ. ಸಂಗೀತ ಕಲಿತಿದ್ದ ಯೋಕೊ ಓನೊ ಎಂಬ ಜಪಾನೀ ಮಹಿಳೆ 1964ರಲ್ಲಿ ಕ್ಯೋಟೋ ನಗರದ ವೇದಿಕೆಯ ಮೇಲೆ ಕತ್ತರಿಯೊಂದನ್ನು ಮುಂದಿರಿಸಿಕೊಂಡು ಸುಮ್ಮನೆ ಕುಳಿತರು. ಪ್ರೇಕ್ಷಕರು ಒಬ್ಬೊಬ್ಬರಾಗಿ ಬಂದು ಅವರ ಉಡುಪಿನಿಂದ ಒಂದು ತುಂಡನ್ನು ಕತ್ತರಿಸಿಕೊಂಡು ಹೋಗಬಹುದಾಗಿತ್ತು. ಹೋದರೂ ಕೂಡ. ಓದಿದಾಗ ವಿಚಿತ್ರವೆನಿಸಿದ್ದ ಈ ಸಂಗತಿ ಮದುವೆಯ ಮರುದಿನ ನನಗೆ ವಿಚಿತ್ರವೆನಿಸಲಿಲ್ಲ. ನಾವು ಕಳುಹಿಸಿದ ಒಂದೊಂದು ಚೀಟಿಯೂ ಒಂದೊಂದು ಕತ್ತರಿಯೇ ಆಗಿತ್ತಲ್ಲ!

ಪಲ್ಲವಿಯವರು ಶಿಲ್ಪಾ ಆದ ಅದೇ 2013ರಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಎರಡು ಪ್ರಸಂಗಗಳು ನಡೆದವು. ‘ದಿ ನ್ಯಾಷನಲ್’ ಎಂಬ ಜನಪ್ರಿಯ ವಾದ್ಯವೃಂದವು ಐಸ್‌ಲೆಂಡಿನ ಕಲಾವಿದ ರಾಗ್ನರ್ ಕ್ಯಾರ್ಟನ್‌ಸನ್ ಅವರ ಯೋಜನೆಯಂತೆ, ಮೇ ತಿಂಗಳಿನಲ್ಲಿ, ದುಃಖವೆಂಬ ಹೆಸರಿನ ತನ್ನ ಒಂದೇ ಹಾಡನ್ನು 6 ತಾಸುಗಳ ಕಾಲ ಮತ್ತೆ ಮತ್ತೆ ಹಾಡಿತು. ಜುಲೈ ತಿಂಗಳಿನಲ್ಲಿ ಜೇ-ಝಡ್ ಎಂಬ ಸುಪ್ರಸಿದ್ಧ ರ‍್ಯಾಪ್ ಗಾಯಕನು ಪಿಕಾಸೊವಿನ ಹೆಸರಿರುವ ತನ್ನ ಹಾಡನ್ನು ಚಿತ್ರಶಾಲೆಯೊಂದರಲ್ಲಿ ಸುಮಾರು ಅಷ್ಟೇ ಹೊತ್ತು ಹಾಡಿದನು. ಎರಡೂ ಮೇಲುನೋಟಕ್ಕೆ ಒಂದೇ. ಆದರೆ ಮೊದಲನೆಯದರಲ್ಲಿ ಹಾಡಿಗೆ ಕ್ರಿಯೆ ಬೇಕಾಗಿತ್ತು. ದುಃಖವೆಂಬುದು ಮೂರು ನಿಮಿಷಗಳಲ್ಲಿ ಮುಗಿಯತಕ್ಕ ವಸ್ತುವಲ್ಲ, ಹಾಡುವವನ ದಣಿವೇ ಅದರ ಅರ್ಥವನ್ನು ಬೆಳೆಸಿತು. ಎರಡನೆಯದರಲ್ಲಿ ತುಂಬಿದ ಕೀರ್ತಿಗೆ ಮತ್ತೊಂದು ಜರತಾರಿ ಅಂಚು ಹೊಲಿದಂತೆ ನನಗೆ ತೋರುತ್ತದೆ. ಗಾಯಕರು ಈ ಗಡಿಯನ್ನು ದಾಟಿದ ಮಾತ್ರಕ್ಕೆ ತಲೆದೂಗಬೇಕಾಗಿಲ್ಲ. ದಾಟುವಾಗ ಏನನ್ನು ಪಣಕ್ಕಿಟ್ಟರು ಎಂಬುದನ್ನು ನೋಡಬೇಕು.

ಇನ್ನೊಂದು ಮಾತು. ನ್ಯೂಯಾರ್ಕಿನ ಗಾಯಕರು ಒಂದೇ ಹಾಡನ್ನು ತಾವಾಗಿ ಒಪ್ಪಿ ಅನೇಕ ಸಲ ಹಾಡಿದರು. ನಮ್ಮ ಮದುವೆಯ ತರುಣನೂ ಒಂದೇ ಹಾಡನ್ನು ನಾಲ್ಕು ಸಲ ಹಾಡಿದನು, ನಮ್ಮ ಅಪ್ಪಣೆಯ ಮೇರೆಗೆ. ಅಲ್ಲಿ ಒಡೆದ ದನಿ ಕಲೆಯಾಯಿತು. ಇಲ್ಲಿ ಒಡೆದ ದನಿ ನಗೆಯಾಯಿತು. ಅಂತರವಿರುವುದು ಕೊರಳಿನಲ್ಲಲ್ಲ, ಅಪ್ಪಣೆ ಯಾರದು ಎಂಬುದರಲ್ಲಿ. ಜನಪ್ರಿಯ ಗಾಯಕರು ಈ ಕಲೆಯ ಕಡೆಗೆ ಹೊರಳುವುದಕ್ಕೆ ಇದೇ ನಿಜವಾದ ಕಾರಣವೆಂದು ನಾನು ತಿಳಿಯುತ್ತೇನೆ. ಕೇಳುಗರ ಕೈಗೆ ಹೋಗಿಬಿಟ್ಟ ಹಗ್ಗವನ್ನು ಅವರು ಒಮ್ಮೆ ಮರಳಿ ಹಿಡಿಯಬಯಸುತ್ತಾರೆ.

ಇಷ್ಟನ್ನೂ ತಾಯಿಗೆ ನ್ಯೂಯಾರ್ಕಿನ ಮಾತಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ. ಆದರೆ ಅರಕೇರಾದಲ್ಲಿ ಕುಳಿತವನಿಗೆ ಅಷ್ಟು ದೂರ ಹೋಗುವ ಅಗತ್ಯವೇನಿತ್ತು? ನಮ್ಮದೇ ದೇವದುರ್ಗದ ಸೀಮೆಯ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿಯ ಕಡೆಯ ಚೀಕಲಪರ್ವಿ ಅವರ ಗುರುಗಳಾದ ವಿಜಯದಾಸರದು. 18ನೆಯ ಶತಮಾನದ ಈ ದಾಸರು ಸಭೆಯಲ್ಲಿ ಕುಳಿತು ಹಾಡಿ ಸಂಭಾವನೆ ಪಡೆದವರಲ್ಲ. ಹೆಗಲಿಗೆ ತಂಬೂರಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಟಿಕೆ. ಬೀದಿಯಲ್ಲಿ ಕುಣಿಯುತ್ತ ಬಂದು ಮನೆಯ ಬಾಗಿಲಲ್ಲಿ ನಿಲ್ಲುವುದು ದಾಸವೃತ್ತಿ. ಹಾಡು ಎಷ್ಟು ಮುಖ್ಯವೋ ಆ ನಿಲುವೂ ಅಷ್ಟೇ ಮುಖ್ಯ.

ಮಾನ್ವಿಯ ಶ್ರೀನಿವಾಸಾಚಾರ್ಯರ ಕಥೆಯನ್ನು ನಮ್ಮ ಕಡೆಯ ಮುದುಕಿಯರೆಲ್ಲ ಬಲ್ಲರು. ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ಬೀದಿಯಲ್ಲಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆವ ಹೇಳಿದರಂತೆ. ನೆವವೇ ನಿಜವಾಗಿ ನೋವು ಬಂದಿತಂತೆ. ಕೊನೆಗೆ ಗೋಪಾಲದಾಸರ ಬಳಿಗೆ ಹೋಗಿ ಗುಣವಾಗಿ, ತಾವೇ ಗೆಜ್ಜೆ ಕಟ್ಟಿ ಜಗನ್ನಾಥದಾಸರಾದರೆಂಬುದು ಐತಿಹ್ಯ. ಅಂದಿನ ಮಾನ್ವಿಯ ಪಂಡಿತರು, ಇಷ್ಟು ಓದಿದವನಿಗೆ ಈ ಸೋಗು ಏಕೆ ಎಂದು ಕೇಳದೆ ಇದ್ದಾರೆಯೇ?

ದಾಸರದು ಭಕ್ತಿ, ಇವರದು ಕಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತರವಲ್ಲ. ಆದರೂ ಒಂದು ಪಾಠ ಎರಡಕ್ಕೂ ಸಮಾನವಾಗಿದೆ: ಹಾಡುವವನು ಹಾಡಿನ ಹಿಂದೆ ಅಡಗದೆ, ಇಡಿಯ ಮನುಷ್ಯನಾಗಿ ನಮ್ಮೆದುರು ನಿಂತಾಗ, ನಾವೂ ಬರಿಯ ಕಿವಿಯಾಗಿ ಉಳಿಯಲಾರೆವು. ರಾಯಚೂರಿನ ರಂಗಮಂದಿರಕ್ಕೆ ವಚನ ಗಾಯಕರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನಿಟ್ಟಿದ್ದಾರೆ. ಆ ಕಟ್ಟಡವನ್ನು ಹಾದುಹೋಗುವಾಗಲೆಲ್ಲ, ಹಾಡಿಗೂ ರಂಗಕ್ಕೂ ನಡುವೆ ಗೋಡೆ ಕಟ್ಟಿದವರು ನಮ್ಮ ಹಿರಿಯರಲ್ಲವೆಂದು ನನಗೆ ಅನಿಸುವುದುಂಟು.

ಕಥೆ ಕೇಳಿ ತಾಯಿ ಏನೂ ಹೇಳಲಿಲ್ಲ. ದೀಪಾವಳಿಗೆ ತಂಗಿಯ ಮಗುವಿನ ತೊಟ್ಟಿಲು ಕಾರ್ಯವಿತ್ತು. ಅದೇ ತರುಣನನ್ನು ಕರೆಸಿದ್ದೆವು. ಅವನು ಹಾರ್ಮೋನಿಯಂ ಬಿಚ್ಚಿ, ಅಭ್ಯಾಸಬಲದಿಂದ ಚೀಟಿಗಳಿಗಾಗಿ ಸುತ್ತಲೂ ನೋಡಿದನು. ತಾಯಿ ಒಳಗಿನಿಂದ ನೀರು ತಂದಿಟ್ಟು, “ತಮ್ಮಾ, ನಿನಗ ಬೇಕಾದ್ದು ಹಾಡು,” ಎಂದರು.

ಅವನಿಗೆ ತಿಳಿಯಲಿಲ್ಲವೆಂದು ತೋರುತ್ತದೆ. ಎರಡು ಸಲ ಕೇಳಿ ಖಚಿತಪಡಿಸಿಕೊಂಡನು. ಆ ಮೇಲೆ ಬಹಳ ಹೊತ್ತು ಶ್ರುತಿಯನ್ನೇ ನುಡಿಸುತ್ತ ಕುಳಿತನು. ಅಂಗಳದಲ್ಲಿ ಮಕ್ಕಳು ಕೂಡ ಗದ್ದಲ ಮಾಡಲಿಲ್ಲ. ಅವನಿಗೆ ಬೇಕಾದುದು ಯಾವುದೆಂದು ಅವನೇ ಹುಡುಕುತ್ತಿದ್ದನು, ನಾವು ಕಾದೆವು.